ಎಂಜಿನ್ನಿಗೆ ಭಂಡಾರ

ಬೀದರದ ಏರಿನ ನಡುವೆ ಕಾರು ಮತ್ತೆ ಕೆಮ್ಮಿತು. ಮಚ್ಛೇಂದ್ರ ಕಾಲು ಬಲವಾಗಿ ಒತ್ತಿದ. ಅದು ಇನ್ನೂ ಜೋರಾಗಿ ಕೆಮ್ಮಿ, ‘ಫಟ್’ ಎಂದು ಸೀನಿ, ನಿಂತೇಬಿಟ್ಟಿತು.

ಹಿಂದಿನಿಂದ ಕಬ್ಬಿನ ಬಂಡಿ ಬಂತು. ಬಂಡಿಯವನು ಕಾರಿನೊಳಗೆ ಬಗ್ಗಿ ನೋಡಿದ.

“ಬಾಯಿಯವರು ಬಂದಿಲ್ಲೇನ್ರಿ ಸಾವಕಾರ್ರ?”

“ಇಲ್ಲ.”

“ಮತ್ತ ಹ್ಯಾಂಗ ಏರ್ತದ್ರಿ ಇದು? ತಡೀರಿ, ಎತ್ತು ಬಿಚ್ಚತೇನಿ.”

ಭಾಲ್ಕಿಯಿಂದ ಬೀದರದ ತನಕ ಈ ಸುದ್ದಿ ಗೊತ್ತಿಲ್ಲದವರೇ ಇರಲಿಲ್ಲ. ಬೇಳೆ ವ್ಯಾಪಾರಿ ಮಚ್ಛೇಂದ್ರನ ಕಾರು ಹೆಂಡತಿ ಕೇಶರಬಾಯಿ ಪಕ್ಕದಲ್ಲಿ ಕೂತರೆ ಬೆಣ್ಣೆಯ ಹಾಗೆ ಓಡುತ್ತದೆ. ಅವನೊಬ್ಬನೇ ಹೊರಟರೆ ಏರಿನಲ್ಲಿ ನಿಲ್ಲುತ್ತದೆ. ಎಲ್ಲ ಅವಳ ಕಾಲ್ಗುಣ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಕೇಶರಬಾಯಿ ಒಪ್ಪುತ್ತಿರಲಿಲ್ಲ. “ನಂದೇನದರಿ, ಎಲ್ಲಾ ಮೈಲಾರ ಮಲ್ಲಣ್ಣಂದು” ಎನ್ನುತ್ತಿದ್ದಳು. ಕಾರು ಹತ್ತುವ ಮೊದಲೊಮ್ಮೆ, ಮನೆಗೆ ಬಂದ ಮೇಲೊಮ್ಮೆ ಬಾನೆಟ್ಟು ಎತ್ತಿಸಿ ಎಂಜಿನ್ನಿಗೆ ಮಲ್ಲಣ್ಣನ ಭಂಡಾರ, ಆ ಅರಿಸಿನದ ಪುಡಿ, ಹಚ್ಚುವುದು ಅವಳ ಪದ್ಧತಿ. ಆಗ ಮಚ್ಛೇಂದ್ರ ಚಪ್ಪಲಿ ಬಿಟ್ಟು, ಕೈ ಜೋಡಿಸಿ, ಕಣ್ಣು ಮುಚ್ಚಿ ದೂರ ನಿಲ್ಲಬೇಕು. ಅವಳು ಔರಾದದ ಹಿಟ್ಟಿನ ಗಿರಣಿಯವರ ಮಗಳು. ಗಿರಣಿಯ ಸದ್ದಿನಲ್ಲಿ ಬೆಳೆದದ್ದಕ್ಕೋ ಏನೋ, ದನಿ ದೊಡ್ಡದು. ಅವಳು ನಿಲ್ಲೆಂದರೆ ನಿಲ್ಲಲೇಬೇಕು.

ಆದರೆ ನಾಳೆ ಮಾತ್ರ ಎತ್ತಿನ ಹಿಂದೆ ಬೀದರಕ್ಕೆ ಬರುವಂತಿರಲಿಲ್ಲ. ನಾಳೆ ಬೀದರ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುವ ದಿನ. ಝಂಡಾ ಏರಿಸುವ ಹೊತ್ತಿಗೆ ಭಾಲ್ಕಿಯ ಹಿರಿಯರನ್ನು ತನ್ನ ಕಾರಿನಲ್ಲೇ ಕರೆತರುತ್ತೇನೆಂದು ಅವನು ಪೇಟೆಯ ನಡುವೆ ಮಾತು ಕೊಟ್ಟಿದ್ದ.

“ನಾನೂ ಬರ್ತೇನಿ. ಎಲ್ಲಾರೂ ನೋಡೂದು ನಾನೂ ನೋಡ್ತೇನಿ” ಎಂದಿದ್ದಳು ಕೇಶರಬಾಯಿ.

“ಗಂಡಸರ ಸಭಾ ಅದ. ನೀ ಕೂತ್ರ ಇಡೀ ಜಿಲ್ಲಾ ನಗ್ತದ, ಹೆಂಡತಿ ಇಲ್ಲದ ಇಂವಗ ಗಾಡಿ ಹೊಡೀಲಿಕ್ಕ ಬರಂಗಿಲ್ಲಂತ.”

“ಹಂಗಾರ ಹೋಗಿ ಬರ್ರಿ” ಎಂದು ಅವಳು ಅಡಿಕೆ ಕತ್ತರಿಸಿದ್ದಳು. ಅಷ್ಟೇ.

ಮೈಲೂರದ ಹಾದಿಯಲ್ಲಿ ಮೆಕ್ಯಾನಿಕ್ ಬದ್ರೋದ್ದೀನನ ಶೆಡ್ಡು. ಕಾರು ಎಳೆದು ತಂದ ಎತ್ತುಗಳನ್ನು ಕಂಡು ಅವನು ನಗು ನುಂಗಿದ. ಪ್ಲಗ್ಗು ಬಿಚ್ಚಿ ತೋರಿಸಿದ. ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ನೋಡ್ರಿ, ಹಸದ ಎಂಜಿನ್ನು. ಗಾಳಿ ಜ್ಯಾಸ್ತಿ, ಪೆಟ್ರೋಲ್ ಕಮ್ಮಿ.”

ಎಂಜಿನ್ನು ಚಾಲೂ ಮಾಡಿಸಿ ಚೋಕು ಎಳೆಯಲು ಹೇಳಿದ. ಚೋಕು ಗಾಳಿ ತಡೆದ ಕೂಡಲೇ ಕೆಮ್ಮು ಇಳಿಯಿತು. ಬಿಟ್ಟರೆ ಮತ್ತೆ ಶುರು. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲು ಹಾಯುವ ಸಣ್ಣ ತೂತು ಊದಿ ನೋಡಿದ, ಕಸ ಇರಲಿಲ್ಲ. ಮತ್ತೆ ಕೂಡಿಸಿ, ಕಾರ್ಬುರೇಟರ್ ಎಂಜಿನ್ನಿಗೆ ಸೇರುವ ಕಡೆ ಚೂರು ಎಣ್ಣೆ ಬಿಟ್ಟ. ಎಣ್ಣೆ ಸುರ್‍ರೆಂದು ಒಳಗೆ ಹೋಯಿತು. ಎಂಜಿನ್ನು ಒಂದು ಗಳಿಗೆ ಸಮಾಧಾನವಾಗಿ ಉಸಿರಾಡಿತು.

“ಇಲ್ಲೇ ಅದ ಕಳ್ಳಗಾಳಿ. ನಟ್ಟು ಸಡ್ಲ ಆಗ್ಯಾವ.” ಅವನ್ನು ಬಿಗಿದು, ಬೆರಳು ಒರೆಸಿಕೊಂಡು ನಕ್ಕ. “ಬಾಯಿಯವರ ಭಕ್ತಿ ನಟ್ಟಿನ ಹಲ್ಲಿನ ತನಕಾ ಇಳದದ ನೋಡ್ರಿ, ಇಲ್ಲೂ ಭಂಡಾರ.”

“ಮತ್ತ ಆಕಿ ಕೂತಾಗ ಯಾಕ ಕೆಮ್ಮಂಗಿಲ್ಲ?”

“ಆಕಿ ಕೂತಾಗ ನೀವು ಸಾವಕಾಶ ಹೊಡೀತೀರಿ. ಒಬ್ಬರೇ ಇದ್ರ ಒತ್ತೇ ಒತ್ತತೀರಿ. ಕಾಲ್ಗುಣ ಅಲ್ರಿ ಇದು, ಕಾಲಿನ ಒತ್ತು.”

ಮಚ್ಛೇಂದ್ರನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊರಡುವಾಗ ಮೆಲ್ಲಗೆ ಕೇಳಿದ: “ಭಾಯಿ, ನನ್ನ ಸಣ್ಣ ಪಾನಾ ಕಳೆದದ, ನಟ್ಟು ಬಿಗಿಯೂದು. ನಿಮ್ಮ ಸಾಮಾನಿನಾಗ ಸೇರೇದೇನು?”

“ನಿಮ್ಮ ಪಾನಾದಾಗ ನನ್ನ ಶೆಡ್ಡು ನಡೀತದೇನ್ರಿ?” ಬದ್ರೋದ್ದೀನ ಮುಖ ತಿರುಗಿಸಿದ.

ಕಾರು ಒಂದೂ ಕೆಮ್ಮದೆ ಭಾಲ್ಕಿ ಮುಟ್ಟಿತು. ಮಚ್ಛೇಂದ್ರ ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಿದ: ಹಸಿವು, ಗಾಳಿ, ನಟ್ಟು, ಕಾಲಿನ ಒತ್ತು. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು.

“ಹೌದೇನ್ರಿ? ಇಷ್ಟೆಲ್ಲಾ ಇರ್ತದೇನು ಅದರಾಗ? ಆಗಲಿ. ಊರೂರು ತಿರುಗಿ ಬಂದದ, ದೃಷ್ಟಿ ತೆಗೀತೇನಿ. ಬಾನೆಟ್ಟು ಎತ್ರಿ.”

ಎಂಜಿನ್ನು ಆರಿತ್ತು. ಅವನು ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಂತ. ಗೆದ್ದವನಿಗೆ ಇಷ್ಟು ಉದಾರತೆ ಏನು ಭಾರ?

ಬೆಳಗಾಯಿತು. ಹಿರಿಯರು ರುಮಾಲು ಸುತ್ತಿ ಬಂದು ಹಿಂದೆ ಕೂತರು. ಅತ್ತರದ ಅಂಗಡಿಯ ಲಾಲ ಅಹ್ಮದ ಮುಂದೆ ಕೂತ. ಕಾರು ಅಂಗಳ ದಾಟುವ ಮೊದಲೇ ಕೆಮ್ಮಿತು. ಮಚ್ಛೇಂದ್ರ ಜಾಣತನದಿಂದ ಚೋಕು ಎಳೆದ. ಇವತ್ತು ಅದಕ್ಕೂ ಬಗ್ಗಲಿಲ್ಲ. ಸೀನಿತು, ನಿಂತಿತು.

“ಸೇಠ, ಎತ್ತಿಗೆ ಹೇಳಿ ಕಳಸೂದೋ, ಮನ್ಯಾಗಿನ ವೈನಿಯವರಿಗೋ?” ಎಂದ ಲಾಲ ಅಹ್ಮದ.

ಮಚ್ಛೇಂದ್ರ ಇಳಿದು ಬಾಗಿಲ ತನಕ ಹೋದ. ಕೇಶರಬಾಯಿ ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆಯ ಚೀಲ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

“ಗಂಡಸರ ಸಭಾ ಅಂದಿದ್ರಲ್ರಿ?”

“ನಡಿ, ನಡಿ.”

“ಹಿಂದ ಕೂಡಂಗಿಲ್ಲ. ಸಭಾದಾಗೂ ಮುಂದ.”

“ಆಯ್ತು ಮಾರಾಯ್ತಿ.”

ಬಾನೆಟ್ಟು ಎದ್ದಿತು. ಹಿರಿಯರೂ ಲಾಲ ಅಹ್ಮದನೂ ಕೆಳಗಿಳಿದು, ದೂರ ನಿಂತು, ಕಣ್ಣು ಮುಚ್ಚಿದರು. ಭಂಡಾರದ ಪೂಜೆ ಈ ಸಲ ತುಸು ದೀರ್ಘವಾಯಿತು. ಆಮೇಲೆ ಕಾರು ಎಷ್ಟು ಸೊಗಸಾಗಿ ಓಡಿತೆಂದರೆ ಹಿಂದಿನ ಸೀಟಿನವರು ಮಲ್ಲಣ್ಣನ ಪವಾಡಗಳನ್ನೇ ಮಾತಾಡತೊಡಗಿದರು. ಮಚ್ಛೇಂದ್ರ ಬೇಕೆಂದೇ ಒತ್ತೇ ಒತ್ತಿದ. ಕೆಮ್ಮಲಿಲ್ಲ. ಏರಿನಲ್ಲಿ ನಿನ್ನೆಯ ಬಂಡಿಯವನು ಕಾರಿನೊಳಗೆ ಕೇಶರಬಾಯಿಯನ್ನು ಕಂಡು, ಎತ್ತು ಬದಿಗೆ ಹೊಡೆದು ಕೈ ಮುಗಿದ.

ಮೇಲಿನ ತಿರುವಿನಲ್ಲಿ ಕಾರು ವಾಲಿತು. ಅವಳ ತೊಡೆಯ ಮೇಲಿನ ಚೀಲ ಜಾರಿ ಮಚ್ಛೇಂದ್ರನ ಕಾಲ ಬಳಿ ಬಿತ್ತು. ಎಲೆ ಚೆಲ್ಲಿತು, ಅಡಿಕೆ ಉರುಳಿತು, ಅದರ ಹಿಂದೆ ಠಣ್ಣೆಂದು ಇನ್ನೊಂದು ವಸ್ತು ಬಿತ್ತು.

ಅವನ ಕಳೆದುಹೋದ ಪಾನಾ. ಅದರ ಬಾಯಿಗೆಲ್ಲ ಭಂಡಾರ ಮೆತ್ತಿತ್ತು.