ಕಶ್ಯಪನ ಹಳದಿ ಪೆಟ್ಟಿಗೆ

ಮೀಟರು ಕಿರುಚಿದ್ದು ಚೂಡಾಮಣಿಯಮ್ಮನವರ ಕೋಣೆಯ ಬಾಗಿಲಲ್ಲಿ.

ನಡುಮನೆಯಲ್ಲಿ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಅಡಿಗೆಮನೆಯಲ್ಲೂ ಹಾಗೇ. ಮುಚ್ಚಿದ ಈ ಬಾಗಿಲ ಮುಂದೆ ಬಂದದ್ದೇ ತಡ, ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಶುರುವಾಯಿತು. ರಸ್ತೆ ಕಂಪನಿಯ ಸುರಕ್ಷತಾ ಅಧಿಕಾರಿ ವಿಶ್ವಾರಾಧ್ಯರು ಪೊಲೀಸ್ ಪೇದೆ ಬೈರಯ್ಯನ ಮುಖ ನೋಡಿದರು. ಬೈರಯ್ಯ ಸುಪ್ರಜಾಳ ಮುಖ ನೋಡಿದ. ತುಂಬಿದ ಬಸುರಿ ಸುಪ್ರಜಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದಳು.

ಹಿಂದಿನ ದಿನ ಕಳೆದದ್ದು ಒಂದು ಹಳದಿ ಪೆಟ್ಟಿಗೆ. ಅದರಲ್ಲಿದ್ದದ್ದು ಹೊಸ ರಸ್ತೆಯ ಮಣ್ಣು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಯಂತ್ರ. ಯಂತ್ರದ ಹೊಟ್ಟೆಯಲ್ಲಿ ಹುರುಳಿಕಾಳಿನಷ್ಟು ವಿಕಿರಣ ವಸ್ತು. ವಿಕಿರಣ ಹತ್ತಿರವಿದ್ದರೆ ಕಿರುಚುವುದೇ ಮೀಟರಿನ ಕೆಲಸ. ಪೆಟ್ಟಿಗೆ ಸುಪ್ರಜಾಳ ಗಂಡ ಕಶ್ಯಪನ ವಶದಲ್ಲಿತ್ತು. ತ್ಯಾಗರಾಜನಗರದಲ್ಲಿ ಕೆಲಸ ಮುಗಿಸಿ ಬರುವಾಗ ಅವನು ನಿಯಮ ಮೀರಿ ಬಸವನಗುಡಿಯ ತನ್ನ ಮನೆ ಮುಂದೆ ಪಿಕಪ್ ನಿಲ್ಲಿಸಿ ಊಟ ಮಾಡಿದ್ದ. ಚಾಮರಾಜಪೇಟೆಯ ಆಫೀಸು ತಲುಪಿದಾಗ ಪೆಟ್ಟಿಗೆ ಇರಲಿಲ್ಲ. ಮನೆಯಲ್ಲೇ ಇಳಿಸಿದ್ದಾನೆ, ಕದ್ದು ಮಾರುತ್ತಾನೆ ಎಂದು ಕಂಪನಿಯ ಅನುಮಾನ. ಬೆಳಗಿನಿಂದ ಅವನನ್ನು ಠಾಣೆಯಲ್ಲಿ ಕೂರಿಸಿದ್ದರು. ಪೆಟ್ಟಿಗೆ ಇಲ್ಲಿ ಸಿಕ್ಕರೆ ಜೈಲೇ ಗತಿ.

“ಮಡೀಲಿದೀನಿ. ಯಾರೂ ಒಳಗೆ ಬರಬೇಡಿ” ಎಂದರು ಕೋಣೆಯೊಳಗಿನಿಂದ ಅತ್ತೆ ಚೂಡಾಮಣಿಯಮ್ಮ.

ಆ ಮಡಿ! ಸುಪ್ರಜಾಳ ಮೈಯೆಲ್ಲ ಉರಿಯಿತು. ಸೊಸೆ ಬಸುರಿ ಎಂದು ತಿಳಿದಾಗ ದೃಷ್ಟಿ ತೆಗೆದು ಕಣ್ಣೊರೆಸಿಕೊಂಡವರು ಇವರೇ. ಚಾತುರ್ಮಾಸ್ಯ ಬಂತು, ಎಲ್ಲ ತಿರುಗುಮುರುಗಾಯಿತು. ವ್ರತ ಹಿಡಿದವರೆಲ್ಲ ಒಂದು ತಿಂಗಳು ಮೊಸರು, ಮುಂದಿನ ತಿಂಗಳು ಹಾಲು ಬಿಟ್ಟರೆ ಇವರು ಎರಡನ್ನೂ ಒಟ್ಟಿಗೇ ಬಿಟ್ಟರು. ಅಂಗಡಿಯ ಪ್ಯಾಕೆಟ್ ಉಪ್ಪೂ ಆಗದು ಎಂದರು. ಆಮೇಲೆ ಗೆಳತಿಯ ಜೊತೆ ಮಂತ್ರಾಲಯಕ್ಕೆ ಹೋಗಿ ಬಂದರು. ಕೈಯಲ್ಲಿ ಒಂದು ಚೂರು ಪ್ರಸಾದವಿಲ್ಲ. ಅಂದಿನಿಂದ ಕೇಳುವುದೇ ಬೇಡ. ಬೇರೆ ತಟ್ಟೆ, ಬೇರೆ ಲೋಟ, ತಮ್ಮ ಬಟ್ಟೆ ತಾವೇ ಒಗೆಯುವುದು, ಪಾಯಿಖಾನೆಗೆ ಎರಡೆರಡು ಸಲ ನೀರು. ಬೇರೆಯವರ ಮಡಿ ಊಟಕ್ಕೆ ಮುಗಿದರೆ ಇವರದು ನಿದ್ದೆಯಲ್ಲೂ ಮುಗಿಯದು. ಸೊಸೆ ಎದುರಾದರೆ ಮಾರು ದೂರ ಸರಿಯುತ್ತಿದ್ದರು. ಹೊಟ್ಟೆಯಲ್ಲಿರುವ ಮಗು ಇವರಿಗೆ ಮೈಲಿಗೆಯೇ ಎಂದು ಸುಪ್ರಜಾ ಎಷ್ಟೋ ಸಲ ಅತ್ತಿದ್ದಳು.

“ಡ್ಯೂಟಿ ಅಮ್ಮಾ, ಹೊರಗೆ ಬನ್ನಿ” ಎಂದ ಬೈರಯ್ಯ.

ಚೂಡಾಮಣಿಯಮ್ಮ ಬಂದರು. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಸೊಸೆಯತ್ತ ನೋಡದೆ ಗೋಡೆಯ ಪಕ್ಕದಲ್ಲೇ ಸಾಗಿ ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಆಚೆ ನಿಂತರು.

ವಿಶ್ವಾರಾಧ್ಯರು ಕೋಣೆಗೆ ನುಗ್ಗಿದರು. ಟ್ರಂಕು ತೆರೆದರು, ಹಾಸಿಗೆ ಮಗುಚಿದರು. ಏನೂ ಇಲ್ಲ. ಮೀಟರೂ ಬಾಯಿ ಮುಚ್ಚುತ್ತಾ ಬಂದಿತ್ತು.

“ಈಗ ತಾನೇ ಇಲ್ಲಿತ್ತಲ್ಲ!” ಎಂದು ಅವರು ಹಿತ್ತಲಿಗೆ ಓಡಿದರು. ಅಲ್ಲಿ ಮೀಟರು ಮತ್ತೆ ಅರಚಿತು. ಚೂಡಾಮಣಿಯಮ್ಮ ಒಂದು ಹೆಜ್ಜೆ ಸರಿದರೆ ಸದ್ದೂ ಅವರ ಹಿಂದೆಯೇ ಸರಿಯಿತು. ವಿಶ್ವಾರಾಧ್ಯರ ಮುಖ ಬಿಳಿಚಿಕೊಂಡಿತು.

“ಪೆಟ್ಟಿಗೆ ಒಡೆದುಬಿಟ್ಟಿದ್ದಾರೆ ಕಣ್ರೀ. ಒಳಗಿನ ಕಾಳು ಇವರ ಹತ್ರ ಇದೆ.”

“ಸೆರಗಲ್ಲಿ ಏನಿದೆ ಅಮ್ಮಾ?” ಬೈರಯ್ಯನ ದನಿ ಗಡುಸಾಯಿತು.

ಸುಪ್ರಜಾಳಿಗೆ ಈಗ ಎಲ್ಲ ಅರ್ಥವಾದಂತಾಯಿತು. ಮಗ ತಂದಿಟ್ಟ, ತಾಯಿ ಬಚ್ಚಿಟ್ಟರು. ಹೆತ್ತ ಕರುಳು. ತನ್ನ ಮಗುವಿನ ಗತಿ ಏನಾದರೆ ಇವರಿಗೇನು?

“ಮಗನ್ನ ಉಳಿಸೋಕೆ ಇಟ್ಕೊಂಡಿದೀರಾ ಅತ್ತೆ? ಕೊಟ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದು ಅವಳು ಮುಂದಕ್ಕೆ ನುಗ್ಗಿದಳು.

“ಹತ್ತಿರ ಬರಬೇಡ!”

ಅಷ್ಟು ಜೋರಾಗಿ ಆ ಹೆಂಗಸು ಎಂದೂ ಕೂಗಿರಲಿಲ್ಲ. ಹಿಂದೆ ಹಿಂದೆ ಹೋಗಿ ಕಾಂಪೌಂಡಿಗೆ ಬೆನ್ನು ಹಚ್ಚಿದರು. ಆಮೇಲೆ ದನಿ ತಗ್ಗಿಸಿ, “ಹೇಳ್ತೀನಪ್ಪ. ಮೊದಲು ಇವಳನ್ನ ಒಳಗೆ ಕಳಿಸಿ. ಇವಳ ಮುಂದೆ ಬೇಡ” ಎಂದರು.

“ನಾನು ಹೋಗಲ್ಲ” ಎಂದಳು ಸುಪ್ರಜಾ. “ನನ್ನ ಮುಂದೇನೇ ಹೇಳಲಿ.”

ಆಗ ಬೈರಯ್ಯನ ಫೋನು ಬಡಿದುಕೊಂಡಿತು. ಅವನು ಕೇಳಿಸಿಕೊಂಡ, ಟೋಪಿ ತೆಗೆದ, ತಲೆ ಕೆರೆದುಕೊಂಡ.

“ಪೆಟ್ಟಿಗೆ ಸಿಕ್ತಂತೆ ಸಾರ್. ತ್ಯಾಗರಾಜನಗರದ ಹಂಪ್ ಹತ್ರ ಗಾಡಿಯಿಂದ ಬಿದ್ದಿದೆ. ಹೂ ಮಾರೋ ಅಕ್ಕಯಮ್ಮ ಅನ್ನೋರು ಎತ್ತಿಟ್ಟಿದ್ದು ಈಗ ಸ್ಟೇಷನ್‌ಗೆ ತಂದಿದಾರೆ. ಬೀಗ ಹಾಗೇ ಇದೆ. ನಿಮ್ಮವರೇ ತೆಗೆದು ನೋಡಿದ್ರಂತೆ, ಒಳಗೆ ಎಲ್ಲಾ ಸರಿಯಾಗಿದೆ. ಕಶ್ಯಪ್‌ನ ಬಿಟ್ಟು ಕಳಿಸ್ತಿದಾರೆ.”

ಸುಪ್ರಜಾ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅಳು ತಡೆಯಲಾಗಲಿಲ್ಲ. ಗಂಡ ಕಳ್ಳನಲ್ಲ, ಅಷ್ಟು ಸಾಕು.

ಪೆಟ್ಟಿಗೆ ಠಾಣೆಯಲ್ಲಿತ್ತು. ಮೀಟರು ಮಾತ್ರ ಹಿತ್ತಲಲ್ಲಿ ಅರಚುತ್ತಲೇ ಇತ್ತು. ವಿಶ್ವಾರಾಧ್ಯರು ಅದನ್ನು ನಿಧಾನವಾಗಿ ಚೂಡಾಮಣಿಯಮ್ಮನವರ ಕೊರಳಿನತ್ತ ಎತ್ತಿದರು, ಸದ್ದು ಏರಿತು. ತಟ್ಟನೆ ಕೈ ಇಳಿಸಿ, “ಕ್ಷಮಿಸಿ ಅಮ್ಮಾ” ಎಂದರು.

ಚೂಡಾಮಣಿಯಮ್ಮ ಕಾಂಪೌಂಡಿನ ಬಳಿಯಿಂದ ಅಲುಗದೆಯೇ ಸೆರಗು ಸಡಿಲಿಸಿದರು.

“ಈ ಗಂಟಲ ಗಂಟಿಗೆ ಹಾಲು, ಅಂಗಡಿ ಉಪ್ಪು ಬಿಡಿಸಿ ಆಸ್ಪತ್ರೇಲಿ ವಿಕಿರಣದ ಮಾತ್ರೆ ನುಂಗಿಸಿದಾರಮ್ಮ, ಬಸುರಿ ಹತ್ರ ಸುಳೀಬೇಡಿ ಅಂದಿದಾರೆ, ನಿಜ ಹೇಳಿದ್ರೆ ನೀನು ಹೆದರಿ ಕೊರಗ್ತಿದ್ದೆ, ಮಡಿ ಅಂದ್ರೆ ಬರೀ ನನ್ನ ಬೈಕೋತಿದ್ದೆ.”