ಪ್ರತಿ ಭಾನುವಾರ ಒಂದು ಚರ್ಚು

ಸೊಸೆ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಹುಲಿಗೆವ್ವನಿಗೆ ಬಸ್ಸಿನಲ್ಲೇ ಖಾತ್ರಿಯಾಯಿತು. ಹೋಗುವಾಗ ಸಪ್ನಾಳ ಮುಡಿಯಲ್ಲಿ ಮಲ್ಲಿಗೆ ಘಮ್ಮೆನ್ನುತ್ತದೆ, ಬರುವಾಗ ಇಲ್ಲ. ಪೊರೆ ಬಂದ ಕಣ್ಣಿಗೆ ಬೆಳಕಷ್ಟೇ ತಿಳಿಯುತ್ತಿತ್ತು. ಮೂಗು ಮಾತ್ರ ನೆಟ್ಟಗಿತ್ತು.

"ಹೂವ ಯಾರಿಗೆ ಕೊಟ್ಟ ಬರತೀಯವಾ?"

"ಬಿದ್ದ ಹೋಗತಾವ್ರಿ ಅತ್ತಿ."

ವಾರ ವಾರ ಬೀಳುವ ಹೂವು! ಮುದುಕಿಗೆ ಮೈ ಉರಿಯಿತು.

ಮಗ ಶಶಿಧರ ಸುಣ್ಣ ಹೊಡೆಯುವವನು. ಮಳೆಗಾಲ ಮುಗಿದರೆ ಗೋವಾದ ಹಳ್ಳಿಗಳ ಹಳೆಯ ಚರ್ಚುಗಳೆಲ್ಲ ಬಿಳಿಯಾಗಬೇಕು, ಕೈತುಂಬ ಕೆಲಸ. "ನಾಳೆ ಚರ್ಚಿನ ಗಂಟಿ ಗೋಪುರ ಏರೋದೈತಿ ಯವ್ವಾ" ಎಂದು ಎಸ್‌ಟಿಡಿ ಬೂತಿನಿಂದ ಹೇಳಿದ್ದೇ ಕೊನೆ. ಯಾವ ಊರೆಂದು ಹೇಳಲಿಲ್ಲ. ಮೇಸ್ತ್ರಿ ನಾಪತ್ತೆ. ಹುಲಿಗೆವ್ವ ಊರು ಬಿಟ್ಟು ಗೋವಾದ ಚಿಂಬಲ್‌ನ ಸೊಸೆಯ ಖೋಲಿಗೆ ಬಂದು ಕೂತಳು. ಮಗ ಸಿಗದೆ ಹೊರಡುವವಳಲ್ಲ.

ಅಂದಿನಿಂದ ಸಪ್ನಾ ಪ್ರತಿ ಭಾನುವಾರ ಅತ್ತೆಯನ್ನು ಕರೆದುಕೊಂಡು ಶಶಿಧರನನ್ನು ಹುಡುಕಲು ಹೊರಡುತ್ತಾಳೆ. ಒಮ್ಮೆ ಪಣಜಿ ಬಸ್ಸು ಅನ್ನುತ್ತಾಳೆ, ಒಮ್ಮೆ ಫೋಂಡಾ ಬಸ್ಸು. ಹೋದ ವಾರದ ಊರು ಅಳದೋಣ ಅಂದಳು, ಇವತ್ತು ಲೋಟಲಿ.

ಬಸ್ಸಿಳಿದು ನಡೆದರು. ಒಡೆದ ಮೆಟ್ಟಿಲನ್ನು ಹುಲಿಗೆವ್ವನ ಕಾಲು ತಾನಾಗಿಯೇ ದಾಟಿತು. ನಾಯಿಯೊಂದು ಓಡಿ ಬಂದು ಅವಳ ಮಡಿಲು ಮೂಸಿತು. ಸಿಕ್ಕರೆ ತಿನ್ನಲಿ ಎಂದು ಮಗನ ಪಾಲಿನ ರೊಟ್ಟಿ ಕಟ್ಟಿ ತರುತ್ತಿದ್ದಳು. ಅದು ಕೊನೆಗೆ ನಾಯಿಯ ಬಾಯಿಗೇ.

"ಎಲ್ಲಾ ಚರ್ಚಿನ್ಯಾಗೂ ನಾಯಿ ಸಾಕ್ಯಾರೇನವಾ?"

"ಸಾಕ್ಯಾರ್ರಿ. ನೀವು ಈ ಕಟ್ಟಿಮ್ಯಾಲೆ ಕುಂದರ್ರಿ, ನಾ ಕೇಳಿ ಬರತೇನಿ."

ಕಟ್ಟೆ ಬಿಸಿಲಿಗೆ ಬೆಚ್ಚಗಿತ್ತು. ಕೂತರೆ ಏಳುವ ಮನಸ್ಸೇ ಆಗುತ್ತಿರಲಿಲ್ಲ. ಹುಲಿಗೆವ್ವ ಅಂಗೈಯಿಂದ ಸವರಿದಳು. ಸುಣ್ಣ ಪುಡಿಪುಡಿಯಾಗಿ ಕೈಗೆ ಹತ್ತಿತು.

"ಯಾವ ಅಡ್ನಾಡಿ ಹೊಡದಾನೋ! ನನ್ನ ಮಗ ಹೊಡದಿದ್ರ ಹಿಂಗ ಉದರತಿರಲಿಲ್ಲ" ಎಂದು ತನ್ನಷ್ಟಕ್ಕೇ ಬೈದಳು. ಬೈಯುತ್ತಲೇ ಮತ್ತೆ ಕಟ್ಟೆ ಸವರಿದಳು. "ಎಲ್ಲದೀಯೋ ಶಶ್ಯಾ, ಒಮ್ಮೆ ಓ ಅನ್ನಬಾರದೇನೋ?"

ಮಲ್ಲಿಗೆ ವಾಸನೆ ಅವಳ ಕಾಲಬುಡದಿಂದಲೇ ಬಂತು. ಸೊಸೆ ಕದಲಿಯೇ ಇಲ್ಲ!

"ಕೇಳಾಕ ಹೋಗಂದ್ರ ಇಲ್ಲೇ ಕುಂತೀಯೇನ? ಗಂಡ ಸಿಗೋದು ಬ್ಯಾಡೇನ ನಿನಗ?"

"ಕೇಳೇನ್ರಿ ಅತ್ತಿ. ಇಲ್ಲಂತ." ಸಪ್ನಾಳ ದನಿ ಒಡೆದಿತ್ತು. "ಮುಂದಿನ ವಾರ ಬ್ಯಾರೆ ಊರಿಗೆ ಹೋಗೂಣ್ರಿ."

ಕಸಬರಿಗೆಯ ಸದ್ದು ಹತ್ತಿರ ಬಂದು ನಿಂತಿತು. ಚರ್ಚು ನೋಡಿಕೊಳ್ಳುವ ಕಾಯ್ತಾನ್. ಅವನಾಡಿದ ಕೊಂಕಣಿ ಹುಲಿಗೆವ್ವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳು ನಾಯಿಗೆ ರೊಟ್ಟಿ ಮುರಿಯುತ್ತಿದ್ದಳು.

"ಗೋಪುರದಿಂದ ಬಿದ್ದವನೆಂದು ಪಾದ್ರಿ ಇಲ್ಲೇ ಮಣ್ಣು ಕೊಡಿಸಿದರು, ಆದರೆ ಜಾಗ ಸಾಲದು ತಂಗಿ. ಬರುವ ತಿಂಗಳು ನಿನ್ನ ಗಂಡನ ಈ ಸಮಾಧಿ ಅಗೆದು, ಮೂಳೆಗಳನ್ನು ಎಲ್ಲರ ಮೂಳೆಗಳ ಗುಂಡಿಗೆ ಹಾಕುತ್ತಾರೆ," ಎಂದ ಕಾಯ್ತಾನ್. "ವಾರ ವಾರ ಇಲ್ಲಿಗೇ ಕರೆತರುತ್ತೀಯಲ್ಲ, ಆಮೇಲೆ ಈ ಮುದುಕಿಯನ್ನು ಎಲ್ಲಿ ಕೂರಿಸುತ್ತೀ?"