ಬದುವಿನ ಅಳತೆ

ನಾಲೆಗೆ ನೀರು ಬಿಟ್ಟು ಮೂರು ದಿನವಾಗಿತ್ತು. ಗದ್ದೆಯಲ್ಲಿ ಮೊಣಕಾಲುದ್ದ ಕೆಸರು. ಅವ್ವ ಪ್ರತಿ ವರ್ಷದಂತೆ ಗುದ್ದಲಿ ಹಿಡಿದು ಬದುವಿನ ಹುಲ್ಲು ಕೆತ್ತಿ, ಕೆಸರು ಮೆತ್ತುತ್ತಿದ್ದಳು. ಮಗ ಮಾತ್ರ ನಿಂತಲ್ಲಿ ನಿಲ್ಲದೆ ರಸ್ತೆ ನೋಡುತ್ತಿದ್ದ.

"ಸರ್ವೆಯವ್ರು ಈಗ್ಯಾಕಪ್ಪ? ನಾಟಿ ಮುಗೀಲಿ."

"ಈ ಪಕ್ಕದ ಗದ್ದೆ ಜವರೇಗೌಡ ವರ್ಷ ವರ್ಷ ಬದ ಕೆತ್ಕೊಂಡು ನಮ್ಮ ಕಡೀಕೆ ತಳ್ತಾವ್ನೆ ಕಣವ್ವ. ಇವತ್ತು ಇತ್ಯರ್ಥ ಆಗೋಗ್ಲಿ."

"ಕೆಸರಲ್ಲಿ ಚೈನು ಎಳುದ್ರೆ ಏನ್ ಗೊತ್ತಾಯ್ತದೆ? ಬರ್ಬೇಡಿ ಅಂತ ಫೋನ್ ಮಾಡು."

"ನೀನು ಹೆದರ್ಕೊಬ್ಯಾಡ. ನಾನಿಲ್ವಾ?"

ಸರ್ವೆಯವನು ಬಂದ. ಜವರೇಗೌಡನೂ ತನ್ನ ಗದ್ದೆಯಿಂದ ಎದ್ದು ಬಂದು ನೋಡುತ್ತ ನಿಂತ. ಗಡಿಕಲ್ಲಿನಿಂದ ಗಡಿಕಲ್ಲಿಗೆ ಚೈನು ಎಳೆದು, ನಕ್ಷೆ ನೋಡಿ, ಇನ್ನೊಮ್ಮೆ ಎಳೆದದ್ದಾಯಿತು.

"ನೀವು ಹೇಳಿದ್ದು ಸರಿ. ಬದು ಎರಡಡಿ ಸರಿದಿದೆ," ಎಂದ ಸರ್ವೆಯವನು.

ಮಗ ಜವರೇಗೌಡನನ್ನು ದುರುಗುಟ್ಟಿ ನೋಡಿದ.

"ಆದ್ರೆ ಸರಿದಿರೋದು ಅವರ ಗದ್ದೆ ಒಳಕ್ಕೆ."

ಅವ್ವ ಬಗ್ಗಿ ಗುದ್ದಲಿಯ ಕೆಸರು ತೊಳೆಯುತ್ತ, ತಲೆ ಎತ್ತದೆ ಅಂದಳು:

"ಸರ್ವೆ ಬ್ಯಾಡ ಕಣಪ್ಪ ಅಂತ ಬೆಳಗ್ಗಿಂದ ಬಡ್ಕೊಂಡೆ."